ರಾಮೋಸ್ ಬೇಕಂತಲೇ ಮಾಡಿದರಾ?

ಪ್ರಶ್ನೆ: ನಾನು ಲಿವರ್‌ಪೂಲ್ ಅಭಿಮಾನಿ. ನನ್ನ ಗೆಳೆಯ ರಿಯಲ್ ಮ್ಯಾಡ್ರಿಡ್ ಕಡೆಯವನು. 2018ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಸೆರ್ಜಿಯೋ ರಾಮೋಸ್ ನಮ್ಮ ಸಲಾನ ತೋಳು ಸಿಕ್ಕಿಸಿಕೊಂಡು ಕೆಡವಿದ್ದು ಬೇಕಂತಲೇ ಅಂತ ನಾನು. ಅದೆಲ್ಲ ಆಟದಲ್ಲಿ ಇದ್ದದ್ದೇ ಅಂತ ಅವನು. ಇಷ್ಟು ವರ್ಷ ಆದರೂ ಜಗಳ ಮುಗಿದಿಲ್ಲ. ಆಟಗಾರ ಬೇಕಂತಲೇ ಫೌಲ್ ಮಾಡಿದ್ದಾನೆ ಅಂತ ರೆಫ್ರಿ ಹೇಗೆ ಕಂಡುಹಿಡಿಯುತ್ತಾರೆ? ಸ್ಲೋ ಮೋಷನ್‌ನಲ್ಲಿ ನೋಡಿದರೆ ಗೊತ್ತಾಗುತ್ತೆ ಅಲ್ವಾ? ಇನ್ನೊಂದು ವಿಷಯ. ಭಾನುವಾರ ನಾವು ಆಡುವಾಗ ಕೆಲವು ಸಲ ವಿಷಲ್ ನನ್ನ ಕೈಗೇ ಬರುತ್ತದೆ. ಆಗ ನಾನು ಏನು ನೋಡಬೇಕು?
ಓದುಗರು, ಬೆಂಗಳೂರು

ಉತ್ತರ: ನಿಮ್ಮ ಜಗಳ ಮುಗಿಯದೆ ಇರುವುದಕ್ಕೆ ಕಾರಣ ಇದೆ. ನೀವಿಬ್ಬರೂ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಅಂದುಕೊಂಡು ಹಿಡಿದೆಳೆದಾಡುತ್ತಿದ್ದೀರಿ. ಸಲಾ ಅವರನ್ನು ಹೇಗಾದರೂ ತಡೆಯಬೇಕು ಅಂತ ರಾಮೋಸ್‌ಗೆ ಇತ್ತಾ? ಸಲಾ ಭುಜಕ್ಕೆ ಪೆಟ್ಟಾಗಲಿ ಅಂತ ಇತ್ತಾ? ಮೊದಲನೆಯದಕ್ಕೆ ನನ್ನ ಉತ್ತರ, ಹೌದು. ಎರಡನೆಯದಕ್ಕೆ, ಇತ್ತು ಅನ್ನಲು ನಮ್ಮ ಕೈಯಲ್ಲಿ ಏನೂ ಇಲ್ಲ. ಇನ್ನು ಮೈದಾನದಲ್ಲಿ ನಿಂತ ರೆಫ್ರಿಗೆ ಈ ಎರಡೂ ಪ್ರಶ್ನೆಗಳ ಅಗತ್ಯವೇ ಇರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಆ ರಾತ್ರಿ ಏನಾಯಿತು ಅಂತ ನೋಡೋಣ. 2018ರ ಮೇ 26, ಉಕ್ರೇನಿನ ಕೀವ್ ನಗರ. ನಮ್ಮ ಗಡಿಯಾರದಲ್ಲಿ ಆಟ ಶುರುವಾದದ್ದು ಮಧ್ಯರಾತ್ರಿ ದಾಟಿ 12.15ಕ್ಕೆ. ಆ ಸೀಸನ್‌ನಲ್ಲಿ 44 ಗೋಲು ಹೊಡೆದಿದ್ದ ಮೊಹಮ್ಮದ್ ಸಲಾ ಚೆಂಡಿನ ಹಿಂದೆ ಹೊರಟರು. ಪಕ್ಕದಲ್ಲಿ ರಾಮೋಸ್. ಇಬ್ಬರ ತೋಳೂ ಒಂದಕ್ಕೊಂದು ಸಿಕ್ಕಿಕೊಂಡವು, ಇಬ್ಬರೂ ಬಿದ್ದರು. ಸಲಾ ಎಡಭುಜ ನೆಲಕ್ಕೆ ಬಡಿಯಿತು, ರಾಮೋಸ್ ಭಾರವೂ ಅವರ ಮೇಲೇ ಬಿತ್ತು. ಸ್ವಲ್ಪ ಹೊತ್ತು ಆಡಲು ನೋಡಿದ ಸಲಾ ಅರ್ಧ ಗಂಟೆಯ ಹೊತ್ತಿಗೆ ಅಳುತ್ತಾ ಹೊರಗೆ ಹೋದರು. ಅವರ ಬದಲಿಗೆ ಲಲ್ಲಾನಾ ಒಳಗೆ ಬಂದರು. ಸರ್ಬಿಯಾದ ರೆಫ್ರಿ ಮಿಲೊರಾಡ್ ಮಾಜಿಚ್ ಕಾರ್ಡ್ ತೋರಿಸಲಿಲ್ಲ. ರಿಯಲ್ 3–1ರಿಂದ ಗೆದ್ದಿತು.

ಆಮೇಲಿನ ಗಲಾಟೆ ನಿಮಗೆ ನೆನಪಿರಬೇಕು. ರಾಮೋಸ್‌ಗೆ ಶಿಕ್ಷೆಯಾಗಬೇಕು ಅಂತ ಆನ್‌ಲೈನ್ ಮನವಿಗೆ 5 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ಸಲಾ ಅವರ ದೇಶವಾದ ಈಜಿಪ್ಟಿನ ವಕೀಲರೊಬ್ಬರು 100 ಕೋಟಿ ಯೂರೊ ಪರಿಹಾರ ಕೇಳುತ್ತೇನೆ ಅಂದರು. ಯುರೋಪಿನ ಜೂಡೋ ಒಕ್ಕೂಟ ಕೂಡ ಬಿಡಲಿಲ್ಲ. ಈ ಪಟ್ಟು ನಮ್ಮಲ್ಲಿ ಅಪಾಯಕಾರಿ, ಫುಟ್‌ಬಾಲ್‌ನಲ್ಲಿ ಮಾತ್ರ ಚೆನ್ನಾಗಿ ಕೆಲಸಕ್ಕೆ ಬರುತ್ತೆ ಅನ್ನೋ ಅರ್ಥದಲ್ಲಿ ಕಾಲೆಳೆಯಿತು. ಈಜಿಪ್ಟಿನವರ ಸಿಟ್ಟು ಅರ್ಥವಾಗುವಂಥದ್ದೇ. 28 ವರ್ಷಗಳ ನಂತರ ಅವರು ವಿಶ್ವಕಪ್‌ಗೆ ಬಂದಿದ್ದರು. ಉರುಗ್ವೆ ವಿರುದ್ಧದ ಮೊದಲ ಪಂದ್ಯಕ್ಕೆ ಸಲಾ ಇರಲಿಲ್ಲ.

ರಾಮೋಸ್ ತಮ್ಮ ಮಾತನ್ನೂ ಹೇಳಿದರು. ಮೊದಲು ತೋಳು ಹಿಡಿದದ್ದು ಸಲಾ, ನಾನು ಇನ್ನೊಂದು ಕಡೆಗೆ ಬಿದ್ದೆ, ಪೆಟ್ಟಾದದ್ದು ಇನ್ನೊಂದು ತೋಳಿಗೆ ಅಂತ. ಈ ಮಾತನ್ನು ತಳ್ಳಿಹಾಕಬೇಡಿ. ಇಬ್ಬರೂ ತೋಳು ಹಾಕಿದ್ದು ನಿಜ. ಆದರೆ ಬೀಳುವಾಗ ತೋಳು ಬಿಡಿಸಿಕೊಳ್ಳಲು ರಾಮೋಸ್ ಪ್ರಯತ್ನವನ್ನೇ ಮಾಡಲಿಲ್ಲ ಅನ್ನೋದೂ ಅಷ್ಟೇ ನಿಜ. ನನ್ನ ಲೆಕ್ಕದಲ್ಲಿ ಅದು ಫ್ರೀ ಕಿಕ್ ಮತ್ತು ಹಳದಿ ಕಾರ್ಡ್. ಕೆಂಪು ಅಲ್ಲ. ನೀವು ಲಿವರ್‌ಪೂಲ್‌ನವರು, ಒಪ್ಪಲ್ಲ ಅಂತ ಗೊತ್ತು.

ಈಗ ನಿಯಮಕ್ಕೆ ಬರೋಣ. ಇಲ್ಲಿ ತುಂಬಾ ಅಭಿಮಾನಿಗಳಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಫೌಲ್‌ಗಳ ಬಗ್ಗೆ ಹೇಳುವುದು 12ನೇ ನಿಯಮ. ಹಿಂದೆ ಅದರಲ್ಲಿ ‘ಉದ್ದೇಶಪೂರ್ವಕವಾಗಿ’ ಒದ್ದರೆ, ಕಾಲು ಕೊಟ್ಟರೆ, ತಳ್ಳಿದರೆ ಫೌಲ್ ಅಂತ ಇತ್ತು. ಅಂದರೆ ಆಟಗಾರನ ಮನಸ್ಸಲ್ಲಿ ಏನಿತ್ತು ಅಂತ ರೆಫ್ರಿ ಊಹಿಸಬೇಕಿತ್ತು. ನಿಯಮ ಮಾಡುವ ಅಂತರರಾಷ್ಟ್ರೀಯ ಮಂಡಳಿ 1995ರಲ್ಲಿ ಒದೆಯುವುದು, ತಳ್ಳುವುದು, ಟ್ಯಾಕಲ್ ಮಾಡುವುದು ಇಂಥವುಗಳಿಗೆ ಆ ಷರತ್ತನ್ನೇ ತೆಗೆದುಹಾಕಿತು. ಅದರ ಜಾಗಕ್ಕೆ ಮೂರು ಮೆಟ್ಟಿಲು ಬಂದವು.

ಒಂದು, ಅಜಾಗರೂಕತೆ. ಎದುರಾಳಿ ಅಲ್ಲಿದ್ದಾನೆ ಅಂತ ಗಮನ ಕೊಡದೆ ಕಾಲು ಹಾಕಿದ. ಫ್ರೀ ಕಿಕ್ ಸಾಕು, ಕಾರ್ಡ್ ಬೇಡ. ಅದರ ಮೇಲಿನದು, ಎದುರಾಳಿಗೆ ಅಪಾಯ ಆದರೂ ಆಗಲಿ ಅನ್ನುವ ಹಾಗೆ ನುಗ್ಗುವುದು. ಅದಕ್ಕೆ ಹಳದಿ. ಕೊನೆಯದು, ಬೇಕಾದದ್ದಕ್ಕಿಂತ ಮಿತಿಮೀರಿದ ಬಲ ಹಾಕಿ ಎದುರಾಳಿಯ ಮೈಕೈಗೆ ಕುತ್ತು ತರುವುದು. ಅದಕ್ಕೆ ಕೆಂಪು. ಹಿಡಿದುಕೊಳ್ಳುವುದಕ್ಕೆ ಈ ಅಳತೆಯೂ ಬೇಕಿಲ್ಲ. ಹಿಡಿದು ಅವನ ಓಟಕ್ಕೆ ತಡೆ ಹಾಕಿದರೆ ಅಷ್ಟಕ್ಕೇ ಫೌಲ್. ಎಲ್ಲೂ ‘ಬೇಕಂತ ಮಾಡಿದನಾ’ ಅನ್ನೋ ಪ್ರಶ್ನೆ ಇಲ್ಲ. ಏನು ಮಾಡಿದ, ಎಷ್ಟು ಅಪಾಯಕಾರಿಯಾಗಿ ಮಾಡಿದ ಅನ್ನೋದಷ್ಟೇ ಇದೆ. ‘ಸರ್, ಬೇಕಂತ ಮಾಡಿಲ್ಲ’ ಅಂತ ಎರಡೂ ಕೈ ಎತ್ತಿಕೊಂಡು ಬರುವ ಡಿಫೆಂಡರ್‌ನನ್ನು ರೆಫ್ರಿ ನೋಡಿಯೂ ನೋಡದ ಹಾಗೆ ಕಾರ್ಡ್ ತೆಗೆಯುವುದು ಇದಕ್ಕೇ. ಅವನು ನಿಜವನ್ನೇ ಹೇಳುತ್ತಿರಬಹುದು. ಅದರಿಂದ ತೀರ್ಪು ಬದಲಾಗಲ್ಲ.

ಒಂದೆರಡು ಕಡೆ ಉದ್ದೇಶ ಇನ್ನೂ ಉಳಿದಿದೆ. ಹ್ಯಾಂಡ್‌ಬಾಲ್ ಅದರಲ್ಲಿ ಮುಖ್ಯ. ಕೈಯನ್ನು ಚೆಂಡಿನ ಕಡೆಗೆ ಒಯ್ದನಾ ಅಂತ ಈಗಲೂ ನೋಡುತ್ತಾರೆ. 2010ರ ವಿಶ್ವಕಪ್‌ನಲ್ಲಿ ಘಾನಾ ವಿರುದ್ಧ ಗೋಲಿನ ಗೆರೆಯ ಮೇಲೆ ನಿಂತು ಎರಡೂ ಕೈಯಿಂದ ಚೆಂಡು ತಳ್ಳಿದ ಲೂಯಿಸ್ ಸುವಾರೆಜ್ ವಿಷಯದಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಅಂಥ ಸಲೀಸು ಪ್ರಕರಣ ಅಪರೂಪ.

ನಿಯಮದಲ್ಲಿ ಇಲ್ಲ ಅಂದಮಾತ್ರಕ್ಕೆ ನಿಮ್ಮ ಪ್ರಶ್ನೆ ದಂಡ ಅಂತಲ್ಲ. ಬೇಕಂತ ಮಾಡಿದ್ದೇ ದೊಡ್ಡ ತಪ್ಪು ಅಂತ ನಾವೆಲ್ಲ ನಂಬಿದ್ದೇವೆ. ನಿಜವಾಗಿ ಹಾಗಿದೆಯಾ?

2020ರ ಜನವರಿ 12. ಜೆಡ್ಡಾದಲ್ಲಿ ಸ್ಪ್ಯಾನಿಷ್ ಸೂಪರ್ ಕಪ್ ಫೈನಲ್, ರಿಯಲ್ ಮತ್ತು ಅಟ್ಲೆಟಿಕೊ ನಡುವೆ. 115ನೇ ನಿಮಿಷ, 0–0. ಅಟ್ಲೆಟಿಕೊದ ಅಲ್ವಾರೊ ಮೊರಾಟ ಒಬ್ಬರೇ ಗೋಲಿನ ಕಡೆ ಓಡುತ್ತಿದ್ದಾರೆ. ಹಿಂದಿನಿಂದ ಬಂದ ರಿಯಲ್‌ನ ಫೆಡೆರಿಕೊ ವಾಲ್ವೆರ್ಡೆ ಅವರ ಕಾಲನ್ನೇ ಕತ್ತರಿಸಿದ ಹಾಗೆ ಬೀಳಿಸಿದರು. ಚೆಂಡಿನ ಆಸೆಯೇ ಅವರಿಗೆ ಇರಲಿಲ್ಲ. ಇದಕ್ಕಿಂತ ಬೇಕಂತ ಮಾಡಿದ ಫೌಲ್ ಇರಲಾರದು. ಕೆಂಪು ಕಾರ್ಡ್ ಸಿಕ್ಕಿತು. ರಿಯಲ್ ಪೆನಾಲ್ಟಿಯಲ್ಲಿ ಕಪ್ ಗೆದ್ದಿತು. ಆಮೇಲೆ ಆದದ್ದು ಮಜಾ ಇದೆ. ಹೊರಗೆ ನಡೆಯುತ್ತಿದ್ದ ವಾಲ್ವೆರ್ಡೆಯನ್ನು ಎದುರಾಳಿ ಕೋಚ್ ಡಿಯೆಗೊ ಸಿಮಿಯೊನೆಯೇ ತಟ್ಟಿ ಸಮಾಧಾನ ಮಾಡಿದರು. ಆ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು ಅಂದರು. ಪಂದ್ಯಶ್ರೇಷ್ಠ ಪ್ರಶಸ್ತಿ ಕೂಡ ವಾಲ್ವೆರ್ಡೆಗೇ ಹೋಯಿತು!

ಮುಂದಿನ ವರ್ಷ ಯೂರೊ ಕಪ್ ಫೈನಲ್‌ನಲ್ಲಿ ಇಟಲಿಯ ಕಿಯೆಲ್ಲಿನಿ ಇಂಗ್ಲೆಂಡಿನ ಬುಕಾಯೊ ಸಾಕಾ ಅವರ ಕಾಲರ್ ಹಿಡಿದು ಹಿಂದಕ್ಕೆ ಜಗ್ಗಿದ್ದೂ ಹೀಗೇ. ಹಳದಿ ಕಾರ್ಡ್ ಬಿತ್ತು. ಜನ ಆ ಫೋಟೊ ಇಟ್ಟುಕೊಂಡು ಮೀಮ್ ಮಾಡಿ ನಕ್ಕರು.

ಈಗ ಇದರ ಎದುರು ಇನ್ನೊಂದು ಇಡಿ. 2019ರ ನವೆಂಬರ್ 3, ಎವರ್ಟನ್ ಮೈದಾನ. ಟಾಟೆನ್‌ಹ್ಯಾಮ್‌ನ ಸನ್ ಹ್ಯೂಂಗ್-ಮಿನ್ ಹಿಂದಿನಿಂದ ಆಂಡ್ರೆ ಗೋಮೆಸ್‌ಗೆ ಟ್ಯಾಕಲ್ ಮಾಡಿದರು. ದಿನಕ್ಕೆ ನೂರು ಕಾಣುವಂಥ ಟ್ಯಾಕಲ್ ಅದು. ಆದರೆ ಆಯ ತಪ್ಪಿದ ಗೋಮೆಸ್ ಇನ್ನೊಬ್ಬ ಆಟಗಾರನಿಗೆ ಡಿಕ್ಕಿ ಹೊಡೆದು ಬಿದ್ದರು. ಪಾದದ ಗಂಟು ಮುರಿದು ತಿರುಗಿಹೋಯಿತು. ರೆಫ್ರಿ ಮಾರ್ಟಿನ್ ಅಟ್ಕಿನ್ಸನ್ ಮೊದಲು ಹಳದಿ ತೆಗೆದಿದ್ದರು. ಗಾಯ ನೋಡಿದ ಮೇಲೆ ಕೆಂಪು ತೋರಿಸಿದರು. ಸನ್ ತಲೆ ಹಿಡಿದುಕೊಂಡು ಅತ್ತರು. ಮೇಲ್ಮನವಿಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಆ ಕೆಂಪು ಕಾರ್ಡನ್ನೇ ರದ್ದು ಮಾಡಿತು. ಸರಿಯಾಗಿಯೇ ಮಾಡಿತು. ಗಾಯ ಎಷ್ಟು ದೊಡ್ಡದು ಅನ್ನೋದರಿಂದ ಟ್ಯಾಕಲ್ ಎಷ್ಟು ಕೆಟ್ಟದು ಅಂತ ಅಳೆಯಲು ಬರಲ್ಲ. ಸಲಾ ಅವತ್ತು ಎದ್ದು ಮೈ ಕೊಡವಿಕೊಂಡು ಆಡಿದ್ದರೆ ರಾಮೋಸ್ ಮಾಡಿದ್ದು ಇವತ್ತು ಯಾರಿಗೂ ನೆನಪಿರುತ್ತಿರಲಿಲ್ಲ. ಮಾಡಿದ್ದು ಮಾತ್ರ ಅದೇ ಆಗಿರುತ್ತಿತ್ತು.

ಹಾಗಾಗಿ ಬೇಕಂತ ಮಾಡಿದ್ದಕ್ಕೂ ನಮಗೆ ಬರುವ ಸಿಟ್ಟಿಗೂ ಅಂಥ ಸಂಬಂಧ ಇಲ್ಲ. ಸಿಟ್ಟು ಬರುವುದು ಗಾಯ ನೋಡಿ, ಮತ್ತು ಬಿದ್ದವನು ನಮ್ಮವನಾ ಅಂತ ನೋಡಿ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಹೊಡೆದಾಟದಂಥ ಒಂದು ಪಂದ್ಯ ನಡೆಯಿತು. ಅದು ಅವರ ಫುಟ್‌ಬಾಲ್, ನಮ್ಮದಲ್ಲ. ಇಬ್ಬರು ಸಂಶೋಧಕರು ಎರಡೂ ಕಾಲೇಜಿನ ಹುಡುಗರಿಗೆ ಆ ಪಂದ್ಯದ ಒಂದೇ ಫಿಲಂ ತೋರಿಸಿ ಫೌಲ್ ಎಣಿಸಿ ಅಂದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಅವರದೇ ಹುಡುಗರಿಗೆ ಎಷ್ಟು ಕಂಡವೋ, ಪ್ರಿನ್ಸ್‌ಟನ್ ಹುಡುಗರಿಗೆ ಅದರ ಎರಡರಷ್ಟಕ್ಕೂ ಜಾಸ್ತಿ ಕಂಡವು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅವರವರ ಕಣ್ಣಿಗೆ ಕಂಡದ್ದೇ ಹಾಗೆ. ನೀವು ಮತ್ತು ನಿಮ್ಮ ಗೆಳೆಯ ಕೀವ್‌ನ ಆ ವಿಡಿಯೋ ಇನ್ನೂ ನೂರು ಸಲ ಹಾಕಿದರೂ ಇದೇ ಆಗುತ್ತದೆ.

ಸ್ಲೋ ಮೋಷನ್ ವಿಷಯ ಕೇಳಿದ್ದೀರಿ. ಉದ್ದೇಶ ತಿಳಿಯಲು ಅದರಷ್ಟು ದಾರಿ ತಪ್ಪಿಸುವುದು ಬೇರೆ ಇಲ್ಲ. ಅರೆ ಸೆಕೆಂಡಿನಲ್ಲಿ ಆಗಿಹೋದದ್ದನ್ನು ನಾಲ್ಕೈದು ಸೆಕೆಂಡಿಗೆ ಎಳೆದು ತೋರಿಸಿದಾಗ, ಆಟಗಾರನಿಗೂ ಯೋಚಿಸಲು ಅಷ್ಟು ಹೊತ್ತು ಇತ್ತು ಅಂತ ನಮಗೆ ಅನ್ನಿಸಿಬಿಡುತ್ತದೆ. ‘ನೋಡು ನೋಡು, ಕೈ ಹಾಕ್ದ, ಬಿಗಿ ಹಿಡಿದ, ಈಗ ತಿರುಚ್ತಾ ಇದಾನೆ’ ಅಂತ ನಾವು ಒಂದೊಂದು ಫ್ರೇಮಿಗೂ ಒಂದೊಂದು ಯೋಚನೆ ಅಂಟಿಸುತ್ತೇವೆ. ರಾಮೋಸ್‌ಗೆ ಅವತ್ತು ಅಷ್ಟೆಲ್ಲ ಪುರುಸೊತ್ತು ಇರಲಿಲ್ಲ. 2016ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿದ್ದಾರೆ. ಒಂದು ಕೊಲೆಯ ಸಿಸಿಟಿವಿ ದೃಶ್ಯ ಮತ್ತು ಆಟದ ಒಂದು ಡಿಕ್ಕಿ, ಎರಡನ್ನೂ ಕೆಲವರಿಗೆ ಮಾಮೂಲಿ ವೇಗದಲ್ಲಿ, ಕೆಲವರಿಗೆ ನಿಧಾನವಾಗಿ ತೋರಿಸಿದರು. ನಿಧಾನವಾಗಿ ನೋಡಿದವರಿಗೆ ಎರಡರಲ್ಲೂ ಉದ್ದೇಶ ಜಾಸ್ತಿ ಕಂಡಿತು.

ಇದು ಸಾಮಾನ್ಯ ಜನರ ಕಥೆ, ರೆಫ್ರಿಗಳು ಹಾಗಲ್ಲ ಅಂತೀರಾ? ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದವರು ಯುರೋಪಿನ 88 ಉನ್ನತ ದರ್ಜೆಯ ರೆಫ್ರಿಗಳನ್ನೇ ಕೂರಿಸಿ ಫೌಲ್‌ಗಳನ್ನು ತೋರಿಸಿದರು. ಫೌಲ್ ಹೌದೋ ಅಲ್ಲವೋ ಅನ್ನೋದನ್ನು ಹೇಳುವುದರಲ್ಲಿ ವೇಗದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಆದರೆ ನಿಧಾನವಾಗಿ ನೋಡಿದಾಗ ಕಾರ್ಡ್‌ಗಳು ಬಿಗಿಯಾದವು, ಕೆಂಪು ಜಾಸ್ತಿ ಬಿದ್ದವು. ವಿಎಆರ್, ಅಂದರೆ ವಿಡಿಯೋ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆಯ ನಿಯಮದಲ್ಲೂ ಈ ಎಚ್ಚರ ಇದೆ. ಎಲ್ಲಿ ತಾಗಿತು, ಚೆಂಡು ಕೈಗೆ ಬಡಿಯಿತಾ, ಒಳಗೋ ಹೊರಗೋ ಅಂತ ನೋಡಲು ಸ್ಲೋ ಮೋಷನ್. ಹೊಡೆತದ ಬಲ ಎಷ್ಟು ಅಂತ ನೋಡಲು ಮಾಮೂಲಿ ವೇಗ. ಅಂದಹಾಗೆ ಕೀವ್‌ನಲ್ಲಿ ವಿಎಆರ್ ಇರಲೇ ಇಲ್ಲ. ಚಾಂಪಿಯನ್ಸ್ ಲೀಗ್‌ಗೆ ಅದು ಬಂದದ್ದು ಮುಂದಿನ ವರ್ಷ ಫೆಬ್ರುವರಿಯಲ್ಲಿ.

ನಿಮ್ಮ ಮುಂದಿನ ವಾದ ಏನು ಅಂತ ನನಗೆ ಗೊತ್ತು. ‘ಅವನ ಚರಿತ್ರೆ ನೋಡಿ ಸಾರ್!’ ಸರಿ, ನೋಡೋಣ. ರಿಯಲ್ ಪರವಾಗಿ ರಾಮೋಸ್ 26 ಸಲ ಕೆಂಪು ಕಾರ್ಡ್ ಕಂಡಿದ್ದಾರೆ. ಕೇಸು ಗೆದ್ದ ಹಾಗಾಯಿತು ಅಲ್ವಾ? ಆದರೆ ಅದೇ ಮನುಷ್ಯ ಸ್ಪೇನ್ ದೇಶದ ಪರ 180 ಪಂದ್ಯ ಆಡಿದ್ದಾರೆ. ಅಲ್ಲಿ ಒಂದೇ ಒಂದು ಕೆಂಪು ಕಾರ್ಡ್ ಇಲ್ಲ. ಹುಟ್ಟಾ ಕೊಲೆಗಡುಕ ಅಂಗಿ ಬದಲಾಯಿಸಿದ ತಕ್ಷಣ ಸಾಧು ಆಗಿಬಿಡುತ್ತಾನಾ? ಚರಿತ್ರೆ ನೋಡಿ ಅನುಮಾನ ಪಡಬಹುದು. ಆ ಒಂದು ಕ್ಷಣದ ಬಗ್ಗೆ ಅದು ಸಾಕ್ಷಿ ಹೇಳಲ್ಲ.

ಹಾಗಾದರೆ ಸಾಕ್ಷಿ ಹೇಳುವುದು ಯಾವುದು? ನನಗೆ ಗೊತ್ತಿರುವ ಮಟ್ಟಿಗೆ ಆಟಗಾರನ ಬಾಯಿ ಒಂದೇ. ಇದಕ್ಕೂ ರಾಮೋಸ್ ಅವರೇ ಉದಾಹರಣೆ. 2019ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಅಯಾಕ್ಸ್ ವಿರುದ್ಧ ರಿಯಲ್ 2–1 ಮುಂದಿತ್ತು. ಕೊನೆಯ ಹೊತ್ತಿಗೆ ರಾಮೋಸ್ ಒಂದು ಫೌಲ್ ಮಾಡಿ ಹಳದಿ ಕಾರ್ಡ್ ತಗೊಂಡರು. ಆ ಕಾರ್ಡಿನಿಂದ ಅದೇ ಅಯಾಕ್ಸ್ ಜೊತೆಗಿನ ಎರಡನೇ ಪಂದ್ಯ ತಪ್ಪುತ್ತಿತ್ತು, ಆದರೆ ಕ್ವಾರ್ಟರ್ ಫೈನಲ್‌ಗೆ ಹಳದಿ ಕಾರ್ಡುಗಳ ಲೆಕ್ಕ ಚುಕ್ತಾ ಆಗುತ್ತಿತ್ತು. ಪಂದ್ಯ ಮುಗಿದ ಮೇಲೆ ಮೈಕ್ ಮುಂದೆ ನಿಂತು, ಬೇಕಂತ ತಗೊಂಡಿಲ್ಲ ಅಂದರೆ ಸುಳ್ಳಾಗುತ್ತದೆ ಅನ್ನುವ ಧಾಟಿಯಲ್ಲಿ ಮಾತಾಡಿಬಿಟ್ಟರು. ಆಮೇಲೆ ಹಾಗಲ್ಲ ಅಂತ ತಿದ್ದಲು ನೋಡಿದರು. ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಎಫಾ ಕೇಳಲಿಲ್ಲ, ಎರಡು ಪಂದ್ಯ ನಿಷೇಧ ಹಾಕಿತು. ಇತ್ತ ಎರಡನೇ ಪಂದ್ಯದಲ್ಲಿ ಅಯಾಕ್ಸ್ 4–1ರಿಂದ ರಿಯಲ್ ಅನ್ನು ಕೂಟದಿಂದಲೇ ಹೊರಗೆ ಹಾಕಿತು. ಕ್ವಾರ್ಟರ್ ಫೈನಲ್ ಬರಲೇ ಇಲ್ಲ. ಸಲಾ ಅಭಿಮಾನಿಗಳು ಅವತ್ತು ಹಬ್ಬ ಮಾಡಿರಬೇಕು.

ಇನ್ನೊಂದು ಹಳೆಯ ಪ್ರಕರಣ ಇದಕ್ಕಿಂತ ಗಂಭೀರ. 2001ರ ಏಪ್ರಿಲ್ 21, ಓಲ್ಡ್ ಟ್ರಾಫರ್ಡ್. ಮ್ಯಾಂಚೆಸ್ಟರ್ ಯುನೈಟೆಡ್‌ನ ರಾಯ್ ಕೀನ್ ಮ್ಯಾಂಚೆಸ್ಟರ್ ಸಿಟಿಯ ಆಲ್ಫಿ ಹಾಲಂಡ್ ಅವರ ಮಂಡಿಗೆ ಬೂಟಿಟ್ಟರು. ಈಗಿನ ಅರ್ಲಿಂಗ್ ಹಾಲಂಡ್ ಇದ್ದಾರಲ್ಲ, ಅವರ ಅಪ್ಪ. ಇದಕ್ಕೆ ನಾಲ್ಕು ವರ್ಷದ ಹಗೆ ಇತ್ತು. 1997ರಲ್ಲಿ ಲೀಡ್ಸ್ ವಿರುದ್ಧ ಆಡುವಾಗ ಹಾಲಂಡ್ ಅವರನ್ನು ಅಟ್ಟಿಸಿಕೊಂಡು ಹೋಗಿ ಕೀನ್ ತಮ್ಮದೇ ಮಂಡಿ ಹರಿದುಕೊಂಡಿದ್ದರು. ನಾಟಕ ಆಡಬೇಡ, ಏಳು ಅಂತ ಹಾಲಂಡ್ ಆಗ ಕೀನ್ ಎದುರು ನಿಂತು ಬೈದಿದ್ದರು. 2001ರ ಫೌಲ್‌ಗೆ ಕೆಂಪು ಕಾರ್ಡ್ ಮತ್ತು ಮೂರು ಪಂದ್ಯದ ನಿಷೇಧ ಆಯಿತು, ಅಲ್ಲಿಗೆ ಮುಗಿದಿತ್ತು. ಅದು ಸೇಡು ಅಂತ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು, ತೋರಿಸಲು ಏನೂ ಇರಲಿಲ್ಲ. 2002ರಲ್ಲಿ ಕೀನ್ ಅವರ ಆತ್ಮಕಥೆ ಬಂತು. ಕಾದು ಕಾದು ಹೊಡೆದೆ ಅನ್ನುವ ಅರ್ಥ ಬರುವಂತೆ ಅದರಲ್ಲಿ ಬರೆದಿತ್ತು. ತಕ್ಷಣ ಇನ್ನೂ ಐದು ಪಂದ್ಯ ನಿಷೇಧ, ಒಂದೂವರೆ ಲಕ್ಷ ಪೌಂಡ್ ದಂಡ. ಅದೇ ಫೌಲ್, ಅದೇ ವಿಡಿಯೋ. ಹೊಸದಾಗಿ ಸೇರಿದ್ದು ಅವರದೇ ಮಾತು ಮಾತ್ರ.

ಇಲ್ಲೂ ಕಥೆ ನೇರ ಇಲ್ಲ. 2014ರ ಎರಡನೇ ಪುಸ್ತಕದಲ್ಲಿ ಕೀನ್ ಮತ್ತೆ ಇದರ ಬಗ್ಗೆ ಬರೆದರು. ನೋಯಿಸಬೇಕು ಅಂತ ಇದ್ದದ್ದು ನಿಜ, ಗಾಯ ಮಾಡಿ ಮಲಗಿಸಬೇಕು ಅಂತ ಇರಲಿಲ್ಲ ಅನ್ನೋದು ಅದರ ಸಾರ. 2001ರ ಆ ಫೌಲ್ ಆದಮೇಲೆ ಹಾಲಂಡ್ ಅವರಿಗೆ ಒಂದು ಪೂರ್ತಿ ಪಂದ್ಯ ಆಡಲು ಆಗಲಿಲ್ಲ, 2003ರಲ್ಲಿ ನಿವೃತ್ತರಾದರು. ಅವರ ಆಟ ಮುಗಿಸಿದ್ದೇ ಕೀನ್ ಅಂತ ಇವತ್ತಿಗೂ ಜನ ಹೇಳುತ್ತಾರೆ. ಆದರೆ ಕೀನ್ ಒದ್ದದ್ದು ಬಲ ಮಂಡಿಗೆ. ಹಾಲಂಡ್‌ರನ್ನು ಕಾಡಿದ್ದು ಎಡ ಮಂಡಿ. ನೋಡಿ, ಆಟಗಾರನೇ ಒಪ್ಪಿಕೊಂಡ ಪ್ರಕರಣದಲ್ಲೂ ಫೌಲ್ ಮಾಡುವ ಮನಸ್ಸು, ನೋಯಿಸುವ ಮನಸ್ಸು, ಕೊನೆಗೆ ಆದ ಗಾಯ, ಈ ಮೂರನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಬಾಯಿ ಬಿಡದ ರಾಮೋಸ್ ವಿಷಯದಲ್ಲಿ ಮೂರನ್ನೂ ಒಟ್ಟಿಗೆ ಕಟ್ಟಿ ತೀರ್ಪು ಕೊಡಲು ಹೇಗೆ ಸಾಧ್ಯ? ಹಿಡಿದದ್ದು ಬೇಕಂತಲೇ. ಬಿಡದೆ ಇದ್ದದ್ದು ಬೇಜವಾಬ್ದಾರಿ. ಭುಜದ ಗಾಯ ಅದರ ಫಲ. ಇಷ್ಟರ ಮೇಲೆ ನಿಮ್ಮ ಗೆಳೆಯನೂ ತಕರಾರು ಮಾಡಲಾರ ಅಂತ ನನ್ನ ಎಣಿಕೆ.

ಇನ್ನು ನಿಮ್ಮ ಭಾನುವಾರದ ಆಟ. ಮನಸ್ಸು ಓದುವ ಕೆಲಸಕ್ಕೆ ಹೋಗಬೇಡಿ, ಕಣ್ಣಿಗೆ ಕಾಣುವುದನ್ನು ನೋಡಿ. ಚೆಂಡು ಅವನ ಕಾಲಿಗೆ ಎಟುಕುವಷ್ಟು ಹತ್ತಿರ ಇತ್ತಾ? ಎಟುಕದೆ ಇದ್ದಾಗಲೂ ಹಾರಿದನಾದರೆ ಅವನ ಗುರಿ ಚೆಂಡಲ್ಲ. ಹಾರುವ ಮುಂಚೆ ಅವನ ಕಣ್ಣು ಎಲ್ಲಿತ್ತು? ಬೂಟಿನ ಅಡಿ ಕಾಣುತ್ತಿತ್ತಾ, ಕಾಲು ನೆಲಕ್ಕೆ ಒತ್ತಿಕೊಂಡೇ ಬಂತಾ ಅಥವಾ ಮೊಣಕಾಲ ಮಟ್ಟಕ್ಕೆ ಎದ್ದಿತ್ತಾ? ಕಾಲು ಮಡಚಿದ್ದರೆ ಬಲ ಅಲ್ಲಲ್ಲೇ ಕರಗುತ್ತದೆ. ಗಳುವಿನ ಹಾಗೆ ನೆಟ್ಟಗೆ ಚಾಚಿದ್ದರೆ ಅಷ್ಟೂ ಬಲ ಎದುರಿನವನ ಕಾಲಿಗೇ. ತೋಳಿನ ವಿಷಯದಲ್ಲಿ, ಹಾರುವಾಗ ಬ್ಯಾಲೆನ್ಸ್‌ಗೆ ತೋಳು ಎದ್ದರೆ ಅದು ಸಹಜ. ಮುಷ್ಟಿ ಬಿಗಿದು ಮೊಣಕೈ ಮುಖದ ಕಡೆ ಬೀಸಿದರೆ ಅದು ಬೇರೆ ಮಾತು. ಎಲ್ಲಕ್ಕಿಂತ ಮುಖ್ಯ, ತಡವಾಯಿತು ಅಂತ ಗೊತ್ತಾದ ಮೇಲೆ ಕಾಲು ಹಿಂದಕ್ಕೆ ತಗೊಳ್ಳಲು ನೋಡಿದನಾ? ನೋಡಿದವನಿಗೂ ಫೌಲ್ ಕೊಡಿ, ಕಾರ್ಡಿನ ಯೋಚನೆ ಆಮೇಲೆ. ನೋಡದೆ ಹಾಗೇ ನುಗ್ಗಿದವನಿಗೆ ಕಾರ್ಡ್ ಕೊಡಲು ಹಿಂದೆಮುಂದೆ ನೋಡಬೇಡಿ.

ಅದಕ್ಕೂ ಹಿಂದಿನ ಐದು ನಿಮಿಷ ನೆನಪಿರಲಿ. ಇಬ್ಬರ ನಡುವೆ ಬೈದಾಟ ಆಗಿತ್ತಾ, ಇವನ ಎರಡು ಕಾಲಿನ ನಡುವಿಂದ ಅವನು ಚೆಂಡು ಹಾಯಿಸಿ (ನಟ್‌ಮೆಗ್) ಗೆಳೆಯರೆಲ್ಲ ಕೂಗಿದ್ದರಾ? ಗಲ್ಲಿ ಆಟಗಳಲ್ಲಿ ಕೆಟ್ಟ ಫೌಲ್ ಬರುವುದು ಜಾಸ್ತಿ ಅಂಥ ಹೊತ್ತಲ್ಲೇ. ನಾನಾದರೆ ಅದಕ್ಕೆ ಮುಂಚೆಯೇ ಇಬ್ಬರನ್ನೂ ಕರೆದು ಮಾತಾಡಿಸುತ್ತೇನೆ. ಬೀಳುವ ಫೌಲ್ ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ.

ಕಾರ್ಡ್ ತೋರಿಸುವಾಗ ‘ನೀನು ಬೇಕಂತ ಮಾಡ್ದೆ’ ಅಂತ ಮಾತ್ರ ಬಾಯಿ ಬಿಡಬೇಡಿ. ಅಂದರೆ ಅವನು ‘ಇಲ್ಲ’ ಅಂತಾನೆ, ಸಾಬೀತು ಮಾಡುವ ಭಾರ ನಿಮ್ಮ ತಲೆಗೆ ಬರುತ್ತದೆ. ‘ಕಾಲು ಎತ್ತರಕ್ಕೆ ಬಂತು, ಅಪಾಯ ಇತ್ತು, ಹಳದಿ’ ಅನ್ನಿ. ಅದನ್ನು ಎಲ್ಲರೂ ನೋಡಿರುತ್ತಾರೆ. ಚೆಂಡು ಎಲ್ಲೋ ಇರುವಾಗ ಯಾರಾದರೂ ಎದುರಾಳಿಯ ಮುಖಕ್ಕೆ ಜೋರಾಗಿ ಗುದ್ದಲು ಹೋಗಿ ಗುರಿ ತಪ್ಪಿದರೂ ಕೆಂಪೇ. ‘ತಾಗಲೇ ಇಲ್ಲ ಅಣ್ಣಾ’ ಅಂತ ಅವನ ಇಡೀ ಟೀಮು ನಿಮ್ಮನ್ನು ಮುತ್ತಿಕೊಳ್ಳುತ್ತದೆ. ಹೊಡೆಯಲು ಯತ್ನಿಸಿದರೂ ಸಾಕು ಅಂತ 12ನೇ ನಿಯಮದಲ್ಲೇ ಇದೆ, ಹೊರಗೆ ಕಳಿಸಿ.